ಬೀಗದ ಕೈ ಇಟ್ಟುಕೊಂಡವರ ಸ್ವಾತಂತ್ರ್ಯ ಪ್ರವಚನ

2010ರ ಜನವರಿ 21ರಂದು ವಾಷಿಂಗ್ಟನ್ನಿನಲ್ಲಿ ಮಾಡಿದ ಭಾಷಣದಲ್ಲಿ ಅಮೆರಿಕದ ಅಂದಿನ ವಿದೇಶಾಂಗ ಕಾರ್ಯದರ್ಶಿ ಹಿಲರಿ ಕ್ಲಿಂಟನ್ ಅಂತರ್ಜಾಲ ಸ್ವಾತಂತ್ರ್ಯವನ್ನು ತಮ್ಮ ದೇಶದ ವಿದೇಶಾಂಗ ನೀತಿಯ ಭಾಗವೆಂದು ಸಾರಿದರು. ಪರಸ್ಪರ ಸಂಪರ್ಕ ಹೊಂದುವ ಸ್ವಾತಂತ್ರ್ಯವನ್ನು ವಾಕ್ ಸ್ವಾತಂತ್ರ್ಯ ಮತ್ತು ಧಾರ್ಮಿಕ ಸ್ವಾತಂತ್ರ್ಯಗಳ ಸಾಲಿಗೆ ಸೇರಿಸಿದರು. ತಮ್ಮ ಪ್ರಜೆಗಳ ಸುತ್ತ ವಿದ್ಯುನ್ಮಾನ ಗೋಡೆ ಕಟ್ಟುವ ಸರಕಾರಗಳನ್ನು ಖಂಡಿಸಿದರು. ಅದಾಗಿ ಸುಮಾರು ಹದಿನಾರು ವರ್ಷಗಳ ಬಳಿಕ, 2025ರ ಡಿಸೆಂಬರ್ 15ರಿಂದ, ಅದೇ ವಿದೇಶಾಂಗ ಇಲಾಖೆ ಎಚ್-1ಬಿ ಮತ್ತು ಎಚ್-4 ವೀಸಾ ಬಯಸುವ ಪ್ರತಿಯೊಬ್ಬರೂ ತಮ್ಮ ಸಾಮಾಜಿಕ ಜಾಲತಾಣದ ಖಾತೆಗಳನ್ನು ಸಾರ್ವಜನಿಕವಾಗಿ ತೆರೆದಿಡಬೇಕೆಂದು ಸೂಚಿಸಿತು. ವಿದ್ಯಾರ್ಥಿ ವೀಸಾಗಳಿಗೆ ಈ ನಿಯಮ ಜೂನ್ ತಿಂಗಳಿನಿಂದಲೇ ಜಾರಿಯಲ್ಲಿತ್ತು. ಭಾರತದಲ್ಲಿನ ಅಮೆರಿಕದ ದೂತಾವಾಸಗಳು ನಿಗದಿಯಾಗಿದ್ದ ಸಂದರ್ಶನಗಳನ್ನು ತಿಂಗಳುಗಟ್ಟಲೆ ಮುಂದೂಡಿದವು. ರಜೆಗೆಂದು ಊರಿಗೆ ಬಂದವರು ಅಲ್ಲಿಯೇ ಸಿಕ್ಕಿಬಿದ್ದರು.

ಇದನ್ನು ಟ್ರಂಪ್ ಆಡಳಿತದ ಅತಿರೇಕವೆಂದು ತಳ್ಳಿಹಾಕುವುದು ಸುಲಭ. ಅನಿವಾಸಿ ಉದಾರವಾದಿಗಳಲ್ಲಿ ಬಹುತೇಕರು ಮಾಡುತ್ತಿರುವುದೂ ಅದನ್ನೇ. ಅವರ ಪ್ರಕಾರ ಅಮೆರಿಕ ಒಂದು ಕಾಲಕ್ಕೆ ಮುಕ್ತ ಅಂತರ್ಜಾಲದ ರಕ್ಷಕನಾಗಿತ್ತು, ಈಗ ದಾರಿ ತಪ್ಪಿದೆ, ಮುಂದಿನ ಚುನಾವಣೆಯ ನಂತರ ಮತ್ತೆ ದಾರಿಗೆ ಬರಬಹುದು. ಈ ಕಥನದಲ್ಲಿ ಸಾಂತ್ವನವಿದೆ, ಇತಿಹಾಸವಿಲ್ಲ. ವೀಸಾ ಅರ್ಜಿದಾರರ ಜಾಲತಾಣ ಖಾತೆಗಳ ಹೆಸರನ್ನು ಕೇಳುವ ಪದ್ಧತಿ ವ್ಯಾಪಕವಾಗಿ ಜಾರಿಗೆ ಬಂದದ್ದು 2019ರಲ್ಲಿ. ನಡುವೆ ಬಂದ ಬೈಡನ್ ಆಡಳಿತ ಅದನ್ನು ಕೈಬಿಡಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಸೈಬರ್ ಜಗತ್ತನ್ನು ಆಳುವ ಅಮೆರಿಕದ ಕ್ರಮದಲ್ಲಿ ಸ್ವಾತಂತ್ರ್ಯವೆಂಬ ಪದಕ್ಕೆ ಮೊದಲಿನಿಂದಲೂ ಒಂದು ನಿರ್ದಿಷ್ಟ ಅರ್ಥವಿದೆ. ಮಾಹಿತಿಯ ಹರಿವಿಗೆ ಜಗತ್ತಿನ ಉಳಿದೆಲ್ಲ ದೇಶಗಳ ಬಾಗಿಲು ತೆರೆದಿರಬೇಕು. ಆ ಬಾಗಿಲುಗಳ ಬೀಗದ ಕೈ ಮಾತ್ರ ಅಮೆರಿಕದ ಕಾನೂನಿನ ವ್ಯಾಪ್ತಿಯಲ್ಲಿರಬೇಕು. ಪಕ್ಷ ಬದಲಾದರೂ ಈ ಅರ್ಥ ಬದಲಾಗಿಲ್ಲ.

ಬೇರಿನ ಒಡೆತನ

ಅಂತರ್ಜಾಲದ ಪೂರ್ವಜನಾದ ಅರ್ಪಾನೆಟ್ 1969ರಲ್ಲಿ ಹುಟ್ಟಿದ್ದು ಅಮೆರಿಕದ ರಕ್ಷಣಾ ಇಲಾಖೆಯ ಹಣದಿಂದ. ಹುಟ್ಟಿಸಿದವರಿಗೆ ಆರಂಭದಲ್ಲಿ ಹಿಡಿತವಿದ್ದುದು ಸಹಜ. ಪ್ರಶ್ನೆ ಇರುವುದು, ಜಾಲವು ಜಗತ್ತಿನ ಸೊತ್ತಾದ ಮೇಲೂ ಆ ಹಿಡಿತವನ್ನು ಹೇಗೆ ಸಮರ್ಥಿಸಿಕೊಳ್ಳಲಾಯಿತು ಎಂಬುದರಲ್ಲಿ. ಜಾಲತಾಣಗಳ ಹೆಸರುಗಳನ್ನು ಸಂಖ್ಯಾ ವಿಳಾಸಗಳಿಗೆ ಜೋಡಿಸುವ ವ್ಯವಸ್ಥೆಯ ಬುಡದಲ್ಲಿ ಹದಿಮೂರು ಮೂಲ ಸರ್ವರ್ ಗುರುತುಗಳಿವೆ. ಅವುಗಳಲ್ಲಿ ಹತ್ತನ್ನು ಅಮೆರಿಕದ ಸಂಸ್ಥೆಗಳು ನಡೆಸುತ್ತವೆ. ನಾಸಾ, ರಕ್ಷಣಾ ಇಲಾಖೆ ಮತ್ತು ಸೇನೆಯ ಸಂಶೋಧನಾಲಯ ಅವುಗಳಲ್ಲಿ ಸೇರಿವೆ. ಉಳಿದ ಮೂರು ಸ್ವೀಡನ್, ನೆದರ್ಲೆಂಡ್ಸ್ ಮತ್ತು ಜಪಾನಿನ ಪಾಲಿನವು. ಇವುಗಳ ಪ್ರತಿಗಳು ಇಂದು ಎಲ್ಲ ಖಂಡಗಳಲ್ಲೂ ಹರಡಿವೆ ಎಂಬುದು ನಿಜ. ಆದರೆ ನಿರ್ವಹಣೆಯ ಹೊಣೆಯ ಈ ಹಂಚಿಕೆಯಲ್ಲಿ ಆಫ್ರಿಕಾ ಇಲ್ಲ, ಲ್ಯಾಟಿನ್ ಅಮೆರಿಕ ಇಲ್ಲ, ಭಾರತವೂ ಇಲ್ಲ.

1998ರಲ್ಲಿ ಹೆಸರು ಮತ್ತು ಸಂಖ್ಯೆಗಳ ನಿರ್ವಹಣೆಗಾಗಿ ಐಕಾನ್ ಎಂಬ ಲಾಭರಹಿತ ಸಂಸ್ಥೆ ಕ್ಯಾಲಿಫೋರ್ನಿಯಾದಲ್ಲಿ ಸ್ಥಾಪನೆಯಾಯಿತು. ಅದು ಕೆಲಸ ಮಾಡುತ್ತಿದ್ದುದು ಅಮೆರಿಕದ ವಾಣಿಜ್ಯ ಇಲಾಖೆಯೊಂದಿಗಿನ ಒಪ್ಪಂದದಡಿಯಲ್ಲಿ. 2005ರ ಟ್ಯುನಿಸ್ ಶೃಂಗಸಭೆಗೆ ಮುನ್ನ ಈ ಏಕಸ್ವಾಮ್ಯವನ್ನು ಹಲವು ದೇಶಗಳು ಪ್ರಶ್ನಿಸಿದಾಗ, ಮೂಲ ಕಡತದಲ್ಲಿನ ಬದಲಾವಣೆಗಳಿಗೆ ಒಪ್ಪಿಗೆ ನೀಡುವ ತನ್ನ ಪಾತ್ರವನ್ನು ಉಳಿಸಿಕೊಳ್ಳುವುದಾಗಿ ಬುಷ್ ಸರಕಾರ ಬಹಿರಂಗವಾಗಿಯೇ ಘೋಷಿಸಿತು. ಶೃಂಗಸಭೆಯಿಂದ ಜಗತ್ತಿಗೆ ದಕ್ಕಿದ್ದು ನಿರ್ಧಾರ ಕೈಗೊಳ್ಳುವ ಅಧಿಕಾರವಿಲ್ಲದ ಒಂದು ಚರ್ಚಾವೇದಿಕೆ.

ಆ ಒಪ್ಪಂದ ಕೊನೆಗೊಂಡದ್ದು 2016ರ ಅಕ್ಟೋಬರ್ 1ರಂದು. ಇದು ಸಣ್ಣ ಸಂಗತಿಯಲ್ಲ, ಅದನ್ನು ಅಲ್ಲಗಳೆಯುವುದು ಅಪ್ರಾಮಾಣಿಕತೆಯಾದೀತು. ಆದರೆ ಅದು ಉದಾರತೆಯ ಕೊಡುಗೆಯೂ ಆಗಿರಲಿಲ್ಲ. ಕೊರಳಪಟ್ಟಿ ಹಿಡಿದಂತೆ ಈ ಹಸ್ತಾಂತರವನ್ನು ಚುರುಕುಗೊಳಿಸಿದ್ದು 2013ರಲ್ಲಿ ಎಡ್ವರ್ಡ್ ಸ್ನೋಡೆನ್ ಹೊರಗೆಡಹಿದ ದಾಖಲೆಗಳು. ಬ್ರೆಜಿಲ್ ಅಧ್ಯಕ್ಷೆ ಡಿಲ್ಮಾ ರೂಸೆಫ್ ಅವರ ಸಂಪರ್ಕಗಳ ಮೇಲೂ ಕಣ್ಣಿಡಲಾಗಿತ್ತೆಂದು ತಿಳಿದಾಗ ಅವರು ವಿಶ್ವಸಂಸ್ಥೆಯ ಸಾಮಾನ್ಯ ಸಭೆಯಲ್ಲಿಯೇ ಪ್ರತಿಭಟಿಸಿದರು. ಜಾಗತಿಕ ವಿಶ್ವಾಸ ಕುಸಿದ ಆ ಹೊತ್ತಿನಲ್ಲಿ, 2014ರ ಮಾರ್ಚ್‌ನಲ್ಲಿ, ವಾಷಿಂಗ್ಟನ್ ಹಸ್ತಾಂತರದ ಇಂಗಿತ ವ್ಯಕ್ತಪಡಿಸಿತು. ಐಕಾನ್ ಇಂದಿಗೂ ಕ್ಯಾಲಿಫೋರ್ನಿಯಾದ ಕಾನೂನಿನಡಿ ನೋಂದಣಿಯಾದ ಸಂಸ್ಥೆಯೇ. ಅಷ್ಟರಲ್ಲಿ ನಿಜವಾದ ಅಧಿಕಾರ ಬೇರಿನಿಂದ ಕೊಂಬೆಗಳಿಗೆ ಸರಿದಾಗಿತ್ತು: ಹುಡುಕಾಟ, ಅಂಚೆ, ಮೋಡ ಸಂಗ್ರಹ, ಮೊಬೈಲ್ ಕಾರ್ಯವ್ಯವಸ್ಥೆ, ಜಾಹೀರಾತು. ಇವನ್ನೆಲ್ಲ ನಡೆಸುವ ದೈತ್ಯ ಕಂಪನಿಗಳು ಅಮೆರಿಕದ ಕಾನೂನಿಗೆ ಒಳಪಟ್ಟಿರುವಾಗ ಹೆಸರುಗಳ ಕಡತದ ಮೇಲೆ ಮೊಹರು ಯಾರದ್ದೆಂಬುದು ಎರಡನೆಯ ಪ್ರಶ್ನೆಯಾಗಿತ್ತು.

ಪ್ರಜೆಯ ಹಕ್ಕು, ಪರಕೀಯನ ಪಾಡು

ಈ ಅಧಿಕಾರದ ಕಾನೂನು ರೂಪವನ್ನು ನೋಡಬೇಕಾದರೆ ವಿದೇಶಿ ಬೇಹುಗಾರಿಕೆ ಕಾಯ್ದೆಗೆ 2008ರಲ್ಲಿ ಸೇರಿಸಿದ 702ನೆಯ ಕಲಮನ್ನು ಓದಬೇಕು. ಅಮೆರಿಕದ ಹೊರಗಿರುವ, ಅಮೆರಿಕದ ಪ್ರಜೆಯಲ್ಲದ ವ್ಯಕ್ತಿಯ ಸಂವಹನಗಳನ್ನು ಅಮೆರಿಕದ ಕಂಪನಿಗಳ ಮೂಲಕ ಸಂಗ್ರಹಿಸಲು ಪ್ರತಿ ವ್ಯಕ್ತಿಗೂ ಪ್ರತ್ಯೇಕ ನ್ಯಾಯಾಲಯದ ವಾರಂಟ್ ಬೇಕಿಲ್ಲ. ಇಡೀ ಕಾರ್ಯಕ್ರಮಕ್ಕೆ ವರ್ಷಕ್ಕೊಮ್ಮೆ ರಹಸ್ಯ ನ್ಯಾಯಾಲಯದ ಒಪ್ಪಿಗೆ ಸಾಕು. ಸ್ನೋಡೆನ್ ಬಯಲಿಗೆಳೆದ ಪ್ರಿಸಂ ಯೋಜನೆ ನಡೆದದ್ದು ಈ ಕಲಮಿನ ಆಸರೆಯಲ್ಲಿ. ಒಬಾಮ ಕಾಲದಲ್ಲೂ, ಟ್ರಂಪ್ ಕಾಲದಲ್ಲೂ, 2024ರ ಏಪ್ರಿಲ್‌ನಲ್ಲಿ ಬೈಡನ್ ಕಾಲದಲ್ಲೂ ಅಮೆರಿಕದ ಸಂಸತ್ತು ಅದನ್ನು ನವೀಕರಿಸಿತು. ಪ್ರತಿ ಬಾರಿಯೂ ಅಲ್ಲಿ ನಡೆದ ಬಿಸಿಬಿಸಿ ಚರ್ಚೆ ಒಂದೇ: ಈ ಬಲೆಯಲ್ಲಿ ಅಕಸ್ಮಾತ್ತಾಗಿ ಸಿಲುಕುವ ಅಮೆರಿಕನ್ನರ ಗತಿಯೇನು? ಬಲೆ ಯಾರಿಗಾಗಿ ಹೆಣೆಯಲ್ಪಟ್ಟಿದೆಯೋ ಅವರ ಹಕ್ಕಿನ ಪ್ರಶ್ನೆ ಸದನದ ಹೊಸ್ತಿಲನ್ನೂ ದಾಟಲಿಲ್ಲ.

ಫ್ರೀಮಾಂಟಿನಲ್ಲಿ ಪೌರತ್ವ ಪಡೆದು ನೆಲೆಸಿರುವ ಮಗಳಿಗೂ ಹಾಸನದಲ್ಲಿರುವ ತಾಯಿಗೂ ನಡುವೆ ಹರಿಯುವ ಒಂದೇ ಸಂಭಾಷಣೆಯನ್ನು ಈ ಕಾನೂನು ಎರಡಾಗಿ ಸೀಳುತ್ತದೆ. ಮಗಳ ಮಾತಿಗೆ ಸಂವಿಧಾನದ ನಾಲ್ಕನೆಯ ತಿದ್ದುಪಡಿಯ ನೆರಳಾದರೂ ಇದೆ. ತಾಯಿಯ ಮಾತಿಗೆ ಅದೂ ಇಲ್ಲ. ಇದು ಬರಿಯ ಎಡಪಂಥೀಯ ದೂರಲ್ಲ. ಯುರೋಪಿನ ನ್ಯಾಯಾಲಯ 2015ರಲ್ಲಿ ಒಮ್ಮೆ, 2020ರ ಜುಲೈನಲ್ಲಿ ಮತ್ತೊಮ್ಮೆ, ಅಟ್ಲಾಂಟಿಕ್ ದಾಟಿ ದತ್ತಾಂಶ ಸಾಗಿಸುವ ಒಪ್ಪಂದಗಳನ್ನು ರದ್ದುಪಡಿಸಿತು. ಎರಡನೆಯ ತೀರ್ಪಂತೂ ಅಮೆರಿಕದ ಕಣ್ಗಾವಲಿನೆದುರು ಯುರೋಪಿನವರಿಗೆ ಪರಿಣಾಮಕಾರಿಯಾದ ನ್ಯಾಯಪರಿಹಾರವಿಲ್ಲವೆಂದು ಸ್ಪಷ್ಟವಾಗಿ ಹೇಳಿತು. ನಡುವೆ, 2018ರಲ್ಲಿ ಬಂದ ಕ್ಲೌಡ್ ಕಾಯ್ದೆಯು ಅಮೆರಿಕದ ಕಂಪನಿಗಳು ದತ್ತಾಂಶವನ್ನು ಯಾವ ದೇಶದ ನೆಲದಲ್ಲಿಟ್ಟಿದ್ದರೂ ಕಾನೂನುಬದ್ಧ ಆದೇಶ ಬಂದಾಗ ಒಪ್ಪಿಸಬೇಕೆಂದು ವಿಧಿಸಿತು. ಬೇರೆ ದೇಶಗಳು ತಮ್ಮ ಕಾನೂನನ್ನು ಗಡಿಯಾಚೆ ಚಾಚಿದರೆ ಅದಕ್ಕೆ ಸರ್ವಾಧಿಕಾರದ ಹಣೆಪಟ್ಟಿ; ಅಮೆರಿಕ ಚಾಚಿದರೆ ಅದು ಕಾನೂನಿನ ಆಡಳಿತ. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎಂಬ ಗಾದೆ ಇಂಥ ಸಂದರ್ಭಕ್ಕೇ ಹುಟ್ಟಿರಬೇಕು.

ಕ್ಲಿಂಟನ್ ಭಾಷಣದ ವರ್ಷವೇ ಇನ್ನೆರಡು ಘಟನೆಗಳು ನಡೆದವು. ಇರಾನಿನ ನಟಾಂಜ್ ಅಣು ಸ್ಥಾವರದ ಯಂತ್ರಗಳನ್ನು ಹಾಳುಗೆಡವಿದ ಸ್ಟಕ್ಸ್‌ನೆಟ್ ಎಂಬ ಕುತಂತ್ರಾಂಶ 2010ರ ಜೂನ್‌ನಲ್ಲಿ ಪತ್ತೆಯಾಯಿತು. ಅಮೆರಿಕ ಮತ್ತು ಇಸ್ರೇಲ್ ಅದನ್ನು ಅಧಿಕೃತವಾಗಿ ಒಪ್ಪಿಕೊಂಡಿಲ್ಲವಾದರೂ ಅವುಗಳದ್ದೇ ಸೃಷ್ಟಿಯೆಂಬುದು ವ್ಯಾಪಕವಾಗಿ ವರದಿಯಾಗಿದೆ. ಅದೇ ವರ್ಷದ ಕೊನೆಯಲ್ಲಿ ವಿಕಿಲೀಕ್ಸ್ ಅಮೆರಿಕದ ರಾಜತಾಂತ್ರಿಕ ತಂತಿಗಳನ್ನು ಪ್ರಕಟಿಸತೊಡಗಿದಾಗ, ಯಾವ ನ್ಯಾಯಾಲಯದ ಆದೇಶವೂ ಇಲ್ಲದೆ, ಅಮೆಜಾನ್ ಅದನ್ನು ತನ್ನ ಸರ್ವರ್‌ಗಳಿಂದ ಹೊರಹಾಕಿತು. ಪೇಪಾಲ್, ವೀಸಾ, ಮಾಸ್ಟರ್‌ಕಾರ್ಡ್ ದೇಣಿಗೆಯ ದಾರಿ ಮುಚ್ಚಿದವು. ಸರಕಾರಕ್ಕೆ ಬೇಡವಾದದ್ದನ್ನು ಖಾಸಗಿ ಕಂಪನಿಗಳೇ ನಿಭಾಯಿಸಿದರೆ ಸೆನ್ಸಾರ್ ಎಂಬ ಪದವನ್ನು ಬಳಸುವ ಅಗತ್ಯವೇ ಬೀಳದು. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ದಾಳಿ ಬ್ರಿಟನ್ನಿನ ಸಾರ್ವಜನಿಕ ಆಸ್ಪತ್ರೆಗಳನ್ನು ಸ್ಥಗಿತಗೊಳಿಸಿದಾಗ, ರೋಗಿಗಳ ಸಾವಿರಾರು ಭೇಟಿಗಳು ರದ್ದಾದಾಗ, ದಾಳಿಗೆ ಬಳಕೆಯಾದ ಮುಖ್ಯ ಆಯುಧ ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆಯ ಬತ್ತಳಿಕೆಯಿಂದ ಸೋರಿದ್ದೆಂದು ತಿಳಿಯಿತು. ದಾಳಿಯ ಹೊಣೆಯನ್ನು ಉತ್ತರ ಕೊರಿಯಾದ ಮೇಲೆ ಹೊರಿಸಲಾಯಿತು. ಲೋಪವನ್ನು ತಯಾರಕರಿಗೆ ತಿಳಿಸದೆ ವರ್ಷಗಟ್ಟಲೆ ಬಚ್ಚಿಟ್ಟವರ ಹೊಣೆಯನ್ನು ಯಾರೂ ಹೊರಲಿಲ್ಲ.

ಹರಿವು ಯಾವ ಕಡೆಗೆ?

ಬೇಹುಗಾರಿಕೆಯಷ್ಟೇ ಗಟ್ಟಿಯಾದ ಇನ್ನೊಂದು ಸರಪಳಿ ವ್ಯಾಪಾರದ್ದು. ಮಾಹಿತಿಯ ಮುಕ್ತ ಹರಿವು ಎಂಬ ಮಾತು ಕೇಳಲು ನದಿಯಷ್ಟೇ ಸಹಜವಾಗಿದೆ. ಆದರೆ ನದಿ ಯಾವ ಸಮುದ್ರ ಸೇರುತ್ತದೆಂದು ಕೇಳಬೇಕಲ್ಲ! 2020ರ ಜುಲೈನಲ್ಲಿ ಜಾರಿಗೆ ಬಂದ ಅಮೆರಿಕ–ಮೆಕ್ಸಿಕೊ–ಕೆನಡಾ ಒಪ್ಪಂದವು ದತ್ತಾಂಶವನ್ನು ಸ್ಥಳೀಯವಾಗಿ ಇರಿಸಬೇಕೆಂದು ವ್ಯಾಪಾರದ ಶರತ್ತಾಗಿ ಕೇಳುವುದನ್ನು ನಿಷೇಧಿಸಿತು. ತಂತ್ರಾಂಶದ ಮೂಲಸಂಕೇತವನ್ನು ಮಾರುಕಟ್ಟೆ ಪ್ರವೇಶದ ಶರತ್ತಾಗಿ ಬಹಿರಂಗಪಡಿಸಬೇಕೆಂದು ಕೇಳುವುದಕ್ಕೂ ತಡೆಯೊಡ್ಡಿತು. ಇಂಥ ನಿಯಮಗಳನ್ನು ಜಗತ್ತಿಗೆಲ್ಲ ವಿಸ್ತರಿಸಲು ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ವರ್ಷಗಳ ಕಾಲ ಪಟ್ಟು ಹಿಡಿದ ಅಮೆರಿಕವೇ 2023ರ ಅಕ್ಟೋಬರ್‌ನಲ್ಲಿ ಹಿಂದೆ ಸರಿಯಿತು. ಕಾರಣ ಸರಳ: ದೈತ್ಯ ಕಂಪನಿಗಳಿಗೆ ಕಡಿವಾಣ ಹಾಕಲು ತನ್ನ ಸಂಸತ್ತಿಗೇ ಅವಕಾಶ ಉಳಿಯಬೇಕೆಂದು ಅದಕ್ಕೆ ತೋರಿತು. ಅಷ್ಟು ವರ್ಷ ಬೇರೆ ದೇಶಗಳು ಕೇಳಿದ್ದೂ ಇದೇ ಅವಕಾಶವನ್ನು. ಅವು ಕೇಳಿದಾಗ ಮಾತ್ರ ಅದಕ್ಕೆ ಸಂರಕ್ಷಣಾವಾದವೆಂಬ ಹೆಸರಿತ್ತು.

ತೆರಿಗೆಯ ಕಥೆ ಇನ್ನೂ ಬೆತ್ತಲೆಯಾದದ್ದು. ಕೆನಡಾ ಬೃಹತ್ ಡಿಜಿಟಲ್ ಕಂಪನಿಗಳ ಮೇಲೆ ಶೇಕಡಾ 3ರ ತೆರಿಗೆ ವಿಧಿಸಿತ್ತು. ಮೊದಲ ಕಂತು 2025ರ ಜೂನ್ 30ಕ್ಕೆ ಬರಬೇಕಿತ್ತು. ಅದಕ್ಕೆ ಮೂರು ದಿನ ಮುಂಚೆ ಟ್ರಂಪ್ ವ್ಯಾಪಾರ ಮಾತುಕತೆಯನ್ನು ಮುರಿದರು. ಎರಡು ದಿನಗಳಲ್ಲಿ ಒಟ್ಟಾವ ತೆರಿಗೆಯನ್ನು ಹಿಂದೆಗೆದುಕೊಂಡಿತು. ಭಾರತ 2016ರಲ್ಲಿ ವಿದೇಶಿ ಕಂಪನಿಗಳ ಆನ್‌ಲೈನ್ ಜಾಹೀರಾತಿನ ಮೇಲೆ ವಿಧಿಸಿದ್ದ ಶೇಕಡಾ 6ರ ಸಮೀಕರಣ ಸುಂಕವನ್ನು 2025ರ ಏಪ್ರಿಲ್ 1ರಿಂದ ರದ್ದುಮಾಡಿತು. ಇ-ವಾಣಿಜ್ಯದ ಮೇಲಿನ ಶೇಕಡಾ 2ರ ಸುಂಕ ಅದಕ್ಕೂ ಮುನ್ನವೇ ಮರೆಯಾಗಿತ್ತು. ಸಾರ್ವಭೌಮತ್ವದ ಬಗ್ಗೆ ಎದೆತಟ್ಟಿ ಮಾತಾಡುವ ಸರಕಾರ ಈ ವಿಷಯದಲ್ಲಿ ಸದ್ದಿಲ್ಲದೆ ಜಾಗ ಬಿಟ್ಟುಕೊಟ್ಟಿತು. ಯುರೋಪ್ ತನ್ನ ಡಿಜಿಟಲ್ ಸೇವೆಗಳ ಕಾಯ್ದೆಯಡಿ 2025ರ ಡಿಸೆಂಬರ್‌ನಲ್ಲಿ ಎಕ್ಸ್ ಕಂಪನಿಗೆ 12 ಕೋಟಿ ಯೂರೊ ದಂಡ ವಿಧಿಸಿದಾಗ, ಅದೇ ತಿಂಗಳು ಆ ಕಾಯ್ದೆಯ ರೂವಾರಿಗಳಲ್ಲೊಬ್ಬರಾದ ಮಾಜಿ ಆಯುಕ್ತ ಥಿಯರಿ ಬ್ರೆಟನ್ ಅವರಿಗೆ ಅಮೆರಿಕ ವೀಸಾ ನಿರ್ಬಂಧ ಹೇರಿತು. ಕೊಟ್ಟ ಕಾರಣ ವಾಕ್ ಸ್ವಾತಂತ್ರ್ಯದ ರಕ್ಷಣೆ. ಹೊರದೇಶದ ಶಾಸನ ರೂಪಿಸಿದವರನ್ನು ಶಿಕ್ಷಿಸುವುದೂ, ಹೊರದೇಶದ ವಿದ್ಯಾರ್ಥಿಯ ಹಳೆಯ ಬರಹಗಳನ್ನು ಜಾಲಾಡುವುದೂ ಒಂದೇ ಸ್ವಾತಂತ್ರ್ಯದ ಹೆಸರಿನಲ್ಲಿ ನಡೆಯುತ್ತಿದೆ.

ಹಾಗಾದರೆ ಗೋಡೆಯೇ ಉತ್ತರವೆ?

ಇಲ್ಲಿಗೆ ಬಂದಾಗ ಒಂದು ಆಕ್ಷೇಪ ಎದುರಾಗುತ್ತದೆ. ಅಮೆರಿಕದ ದೋಷಗಳನ್ನು ಪಟ್ಟಿಮಾಡಿದವರು ಚೀನಾದ ಗೋಡೆಯನ್ನು ಕಂಡಿಲ್ಲವೆ? ಟಾರ್, ಸಿಗ್ನಲ್‌ನಂಥ ಸಾಧನಗಳು ಬೆಳೆದದ್ದರಲ್ಲಿ ಅಮೆರಿಕದ ಸಾರ್ವಜನಿಕ ಹಣದ ಪಾಲಿಲ್ಲವೆ? ಟೆಹರಾನಿನ, ಮಿನ್ಸ್ಕಿನ ಹೋರಾಟಗಾರರು ಉಸಿರಾಡಿದ್ದು ಆ ಸಾಧನಗಳ ಮೂಲಕವೇ ಅಲ್ಲವೆ? ಆಕ್ಷೇಪದಲ್ಲಿ ಹುರುಳಿದೆ. ಷಿ ಜಿನ್‌ಪಿಂಗ್ 2015ರ ಡಿಸೆಂಬರ್‌ನಲ್ಲಿ ವೂಝೆನ್ ಸಮ್ಮೇಳನದಲ್ಲಿ ಮಂಡಿಸಿದ ಸೈಬರ್ ಸಾರ್ವಭೌಮತ್ವದ ಸಿದ್ಧಾಂತ ಪ್ರತಿ ದೇಶಕ್ಕೂ ತನ್ನ ಜಾಲವನ್ನು ತಾನೇ ಆಳುವ ಹಕ್ಕಿದೆ ಎನ್ನುತ್ತದೆ. ವಸಾಹತುಶಾಹಿಯ ನೆನಪಿರುವ ದೇಶಗಳ ಕಿವಿಗೆ ಇದು ಹಿತವಾಗಿ ಕೇಳಿಸುತ್ತದೆ. ಪ್ರಗತಿಪರರಲ್ಲಿ ಒಂದು ವರ್ಗವೂ ಇದನ್ನು ಸಾಮ್ರಾಜ್ಯಶಾಹಿಗೆ ಉತ್ತರವೆಂದು ಸ್ವಾಗತಿಸಿದೆ. ಆ ಸಿದ್ಧಾಂತದಲ್ಲಿ ದೇಶವೆಂದರೆ ಸರಕಾರ. ಜನ ಆ ಸರಕಾರದ ಆಸ್ತಿ. ಅಮೆರಿಕದ ಯಜಮಾನಿಕೆಯಿಂದ ತಪ್ಪಿಸಿಕೊಳ್ಳಲು ಅದನ್ನು ಅಪ್ಪಿಕೊಳ್ಳುವುದೆಂದರೆ ಬಾಣಲೆಯಿಂದ ಬೆಂಕಿಗೆ ಬಿದ್ದಂತೆ.

ಇದಕ್ಕೆ ಬೀಜಿಂಗಿನವರೆಗೆ ಹೋಗಬೇಕಿಲ್ಲ. ಕಾಶ್ಮೀರದಲ್ಲಿ 2019ರ ಆಗಸ್ಟ್‌ನಲ್ಲಿ ಕಡಿತಗೊಂಡ ವೇಗದ ಮೊಬೈಲ್ ಅಂತರ್ಜಾಲ ಪೂರ್ಣವಾಗಿ ಮರಳಿದ್ದು 2021ರ ಫೆಬ್ರುವರಿಯಲ್ಲಿ. ಹದಿನೆಂಟು ತಿಂಗಳು ಒಂದು ಇಡೀ ಜನಸಮುದಾಯವನ್ನು ಜಗತ್ತಿನಿಂದ ದೂರವಿಟ್ಟದ್ದು ಸಾರ್ವಭೌಮತ್ವದ ಹೆಸರಿನಲ್ಲಿಯೇ. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ ಕಂಪನಿಗಳಿಗೆ ನಿಯಮ ವಿಧಿಸುತ್ತದೆ. ಸರಕಾರಿ ಸಂಸ್ಥೆಗಳಿಗೆ ವಿನಾಯಿತಿ ಕೊಡುವ ಅಧಿಕಾರವನ್ನು ಸರಕಾರವೇ ಇಟ್ಟುಕೊಂಡಿದೆ.

ಎರಡು ಯಜಮಾನಿಕೆಗಳ ನಡುವೆ ಸಾಮಾನ್ಯ ಮನುಷ್ಯನ ದನಿ ಹೇಗೆ ಕಾಣೆಯಾಗುತ್ತದೆಂಬುದಕ್ಕೆ ಕರ್ನಾಟಕ ಹೈಕೋರ್ಟಿನಲ್ಲಿ ನಡೆದ ಎರಡು ಮೊಕದ್ದಮೆಗಳು ಸಾಕ್ಷಿ. ಖಾತೆಗಳನ್ನು ನಿರ್ಬಂಧಿಸುವ ಕೇಂದ್ರದ ಆದೇಶಗಳನ್ನು ಟ್ವಿಟರ್ ಪ್ರಶ್ನಿಸಿತ್ತು. 2023ರ ಜೂನ್‌ನಲ್ಲಿ ಅರ್ಜಿ ವಜಾ ಆಯಿತು, ಕಂಪನಿಗೆ 50 ಲಕ್ಷ ರೂಪಾಯಿ ದಂಡ ಬಿತ್ತು. ಎಕ್ಸ್ ಎಂದು ಹೆಸರು ಬದಲಿಸಿಕೊಂಡ ಅದೇ ಕಂಪನಿ, ಬರಹಗಳನ್ನು ತೆಗೆಸಲು ಅಧಿಕಾರಿಗಳಿಗೆ ಅನುಕೂಲ ಕಲ್ಪಿಸುವ ಸಹಯೋಗ್ ಪೋರ್ಟಲ್‌ನ ವಿರುದ್ಧ ಮತ್ತೆ ನ್ಯಾಯಾಲಯದ ಮೆಟ್ಟಿಲೇರಿತು. 2025ರ ಸೆಪ್ಟೆಂಬರ್ 24ರಂದು ಏಕಸದಸ್ಯ ಪೀಠ ಆ ಅರ್ಜಿಯನ್ನೂ ತಳ್ಳಿಹಾಕಿ, ಸಂವಿಧಾನದ 19ನೆಯ ವಿಧಿಯ ರಕ್ಷಣೆ ಪ್ರಜೆಗಳಿಗೆ ಮಾತ್ರ, ವಿದೇಶಿ ಕಂಪನಿಗಲ್ಲ ಎಂದಿತು. ವಿಧಿಯ ಅಕ್ಷರ ಹಾಗೆಯೇ ಇದೆ. ಆದರೆ ಬೆಂಗಳೂರಿನ ಕಟಕಟೆಯಲ್ಲಿ ಭಾರತೀಯರ ಮಾತಿನ ಹಕ್ಕಿಗಾಗಿ ವಾದಿಸುತ್ತಿದ್ದುದು ಜಗತ್ತಿನ ಅತಿ ದೊಡ್ಡ ಶ್ರೀಮಂತನ ಅಮೆರಿಕನ್ ಕಂಪನಿ, ಎದುರಿಗಿದ್ದುದು ಸರಕಾರ. ಯಾರ ಬರಹ ಅಳಿಸಿಹೋಗುತ್ತದೆಯೋ ಆ ಬರಹಗಾರ ಈ ವ್ಯಾಜ್ಯದ ಕೇಂದ್ರದಲ್ಲಿರಲೇ ಇಲ್ಲ.

ಮನುಷ್ಯನ ಹಕ್ಕು, ಪಾಸ್‌ಪೋರ್ಟಿನದಲ್ಲ

ಹೊರಬರುವ ದಾರಿಯ ಸುಳಿವು ಕೂಡ ಕರ್ನಾಟಕದವರೊಬ್ಬರ ಹೆಸರಿನಲ್ಲಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರು ಆಧಾರ್ ವಿರುದ್ಧ ಹೂಡಿದ ದಾವೆಯಲ್ಲಿ, 2017ರ ಆಗಸ್ಟ್ 24ರಂದು, ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸರ್ವಾನುಮತದಿಂದ ಸಾರಿತು. ಆ ಹಕ್ಕಿಗೆ ಮುಖ್ಯ ನೆಲೆಯಾದ 21ನೆಯ ವಿಧಿ ಪ್ರಜೆ ಎನ್ನುವುದಿಲ್ಲ, ವ್ಯಕ್ತಿ ಎನ್ನುತ್ತದೆ. ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಯ 17ನೆಯ ವಿಧಿಯೂ ಯಾರೊಬ್ಬರ ಖಾಸಗಿತನದಲ್ಲೂ ಮನಬಂದಂತೆ ಕೈಹಾಕಬಾರದೆನ್ನುತ್ತದೆ. ಅಮೆರಿಕ ಆ ಒಡಂಬಡಿಕೆಗೆ ಸಹಿ ಹಾಕಿದೆ, ಅನುಮೋದಿಸಿಯೂ ಇದೆ. ಆದರೆ ತನ್ನ ನೆಲದಾಚೆಗೆ ಅದು ತನ್ನನ್ನು ಕಟ್ಟಿಹಾಕುವುದಿಲ್ಲವೆಂದು ವಾದಿಸುತ್ತ ಬಂದಿದೆ. ಬೇಹುಗಾರಿಕೆ ಗಡಿ ದಾಟಬಹುದು, ಹಕ್ಕು ಮಾತ್ರ ಗಡಿಯಲ್ಲಿ ನಿಲ್ಲಬೇಕು ಎಂಬುದು ಅದರ ನಿಲುವು. ಜಗಳ ಆಡಬೇಕಾದದ್ದು ಇಲ್ಲಿ.

ಕೇಳಬೇಕಾದದ್ದು ಆಕಾಶದ ನಕ್ಷತ್ರವನ್ನೇನಲ್ಲ. 702ನೆಯ ಕಲಮು ಮತ್ತೆ ಸದನದ ಮುಂದೆ ಬಂದಾಗಲೆಲ್ಲ ಪರದೇಶದ ವ್ಯಕ್ತಿಯ ಮೇಲಿನ ಕಣ್ಗಾವಲಿಗೂ ಸ್ವತಂತ್ರ ನ್ಯಾಯಾಂಗದ ಪರಿಶೀಲನೆ ಇರಬೇಕೆಂದು ಒತ್ತಾಯಿಸಬಹುದು. ವೀಸಾ ಅರ್ಜಿಯೊಂದಿಗೆ ಜಾಲತಾಣದ ಖಾತೆಯನ್ನು ಕೇಳುವ ನಿಯಮ ಪೂರ್ತಿಯಾಗಿ ರದ್ದಾಗಬೇಕೆನ್ನಬಹುದು. ತಂತ್ರಾಂಶದ ಲೋಪಗಳನ್ನು ಆಯುಧಕ್ಕಾಗಿ ಕೂಡಿಡುವುದನ್ನು ನಿಷೇಧಿಸುವ, ಅಂತರ್ಜಾಲ ಕಡಿತವನ್ನು ಮಾನವ ಹಕ್ಕಿನ ಉಲ್ಲಂಘನೆಯೆಂದು ಪರಿಗಣಿಸುವ ಅಂತರರಾಷ್ಟ್ರೀಯ ಕಟ್ಟಳೆಯನ್ನು ಬೇಡಬಹುದು. ದೈತ್ಯ ಕಂಪನಿಗಳಿಗೆ ತೆರಿಗೆ ಹಾಕುವ ಹಕ್ಕನ್ನು ಪ್ರತಿ ಸಂಸತ್ತಿಗೂ ಉಳಿಸಿಕೊಡಬೇಕೆನ್ನಬಹುದು. ಈ ಬೇಡಿಕೆಗಳು ವಾಷಿಂಗ್ಟನ್ನಿಗೂ, ಬೀಜಿಂಗಿಗೂ, ದಿಲ್ಲಿಗೂ ಒಟ್ಟಿಗೇ ಇರಿಸುಮುರಿಸು ತರುತ್ತವೆ ಎಂಬುದೇ ಅವುಗಳ ಸಾಚಾತನಕ್ಕೆ ಪುರಾವೆ.

ಅನಿವಾಸಿ ಕನ್ನಡಿಗರ ಹೊಣೆ ಈ ವಿಷಯದಲ್ಲಿ ಉಳಿದವರಿಗಿಂತ ತುಸು ಹೆಚ್ಚಿನದು. ಈ ಯಂತ್ರವನ್ನು ಬೆಂಗಳೂರಿನಿಂದಲೂ ಸಿಲಿಕಾನ್ ಕಣಿವೆಯಿಂದಲೂ ಕಟ್ಟಿ ನಿಲ್ಲಿಸಿದ ಕೈಗಳಲ್ಲಿ ಅವರವೂ ಸೇರಿವೆ. ಅದರ ಹಲ್ಲಿಗೆ ಈಗ ಸಿಕ್ಕುತ್ತಿರುವವರಲ್ಲೂ ಅವರ ಮಕ್ಕಳು, ಬಂಧುಗಳು ಸೇರಿದ್ದಾರೆ. ಗಾಜಾದ ಬಗ್ಗೆ ಬರೆದದ್ದನ್ನು, ಜಾತಿಯ ಬಗ್ಗೆ ವಾದಿಸಿದ್ದನ್ನು, ಒಂದು ಅರ್ಜಿ ಹಾಕಿದ ಸಹಿಯನ್ನು ಅಳಿಸಿಹಾಕುವ ಕೆಲಸ ಮನೆಮನೆಯಲ್ಲಿ ಸದ್ದಿಲ್ಲದೆ ನಡೆಯಬಲ್ಲದು. ಯಾವ ಸೆನ್ಸಾರ್ ಅಧಿಕಾರಿಯೂ ಅದಕ್ಕೆ ಆದೇಶ ಹೊರಡಿಸಬೇಕಿಲ್ಲ. ಭಯವೇ ಆ ಕೆಲಸವನ್ನು ಅಗ್ಗವಾಗಿ, ಅಚ್ಚುಕಟ್ಟಾಗಿ ಮಾಡಿಮುಗಿಸುತ್ತದೆ. ವೀಸಾ ಇಲ್ಲದವರು ಮೌನವಾಗಿರುವುದನ್ನು ಅರ್ಥಮಾಡಿಕೊಳ್ಳಬಹುದು. ಅವರು ಕಳೆದುಕೊಳ್ಳಬಹುದಾದದ್ದು ದೊಡ್ಡದು. ಆದರೆ ಅಮೆರಿಕದ, ಕೆನಡಾದ, ಬ್ರಿಟನ್ನಿನ ಪೌರತ್ವ ಪಡೆದು, ಮತದ ಹಕ್ಕು ಕೈಯಲ್ಲಿರಿಸಿಕೊಂಡವರು ಕೂಡ ಬಾಯಿ ಹೊಲಿದುಕೊಂಡರೆ ಅದಕ್ಕೆ ಭಯವೆಂಬ ಹೆಸರು ಒಪ್ಪುವುದಿಲ್ಲ. ಅವರ ಪ್ರತಿನಿಧಿಗಳ ಕಚೇರಿಯ ದೂರವಾಣಿ ಸಂಖ್ಯೆ ಬಹಿರಂಗವಾಗಿಯೇ ಇದೆ.